ಹಾಡು ಮೊಳೆಯಲ್ಲೋ, ರಟ್ಟಿನಲ್ಲೋ?

ಹಲಸೂರಿನ ಕಡೆ ಯಾವುದಾದರೂ ಸಣ್ಣ ಗುಡಿಗೆ ಸಂಜೆ ಮಂಗಳಾರತಿಯ ಹೊತ್ತಿಗೆ ಹೋಗಿ ನೋಡಿ. ಅರ್ಚಕರು ಕರ್ಪೂರ ಹಚ್ಚುವುದಕ್ಕೂ ಮೂಲೆಯಲ್ಲಿ ಯಾರೋ ಸ್ವಿಚ್ ಒತ್ತುವುದಕ್ಕೂ ಸರಿಹೋಗುತ್ತದೆ. ಕಬ್ಬಿಣದ ಚೌಕಟ್ಟಿನಲ್ಲಿ ಕೂತ ನಗಾರಿ, ಜಾಗಟೆ, ಗಂಟೆ ಒಟ್ಟಿಗೇ ಮೊಳಗತೊಡಗುತ್ತವೆ. ಬಡಿಯುವವರು ಯಾರೂ ಇಲ್ಲ. ಚೌಕಟ್ಟಿನ ನೆತ್ತಿಯ ಮೇಲೆ ‘ಸೇವಾರ್ಥ’ ಎಂದು ಬರೆಸಿ, ಕೊಟ್ಟವರ ಹೆಸರು ಹಾಕಿರುತ್ತಾರೆ. ಬಂದವರೆಲ್ಲ ಗರ್ಭಗುಡಿಯ ಕಡೆ ಮುಖ ಮಾಡಿ ಕೈಮುಗಿದು ನಿಂತರೆ, ನನ್ನಂಥ ಒಬ್ಬಿಬ್ಬರ ಕಣ್ಣು ಮಾತ್ರ ಆ ಯಂತ್ರದ ಬೆನ್ನಿನ ಕಡೆಗೇ ಹೋಗುತ್ತದೆ.

ಬೆನ್ನಿನಲ್ಲಿ ಇರುವುದು ಇಷ್ಟೇ: ಒಂದು ಸಣ್ಣ ಮೋಟಾರು, ಬೆಲ್ಟು, ಪುಲ್ಲಿ, ಅಡ್ಡಕ್ಕೆ ಒಂದು ಶಾಫ್ಟು. ಶಾಫ್ಟಿನ ಮೇಲೆ ಉಬ್ಬುಳ್ಳ ಕ್ಯಾಮ್‌ಗಳು, ಒಂದೊಂದೂ ಒಂದೊಂದು ಕೋನಕ್ಕೆ ತಿರುಗಿ ಕೂತಿವೆ. ಶಾಫ್ಟು ಸುತ್ತಿದಾಗ ಉಬ್ಬು ಬಂದು ಕೋಲನ್ನು ಎತ್ತುತ್ತದೆ, ಉಬ್ಬು ದಾಟಿದ ಕೂಡಲೇ ಕೋಲು ನಗಾರಿಯ ಮೇಲೆ ಬೀಳುತ್ತದೆ. ಲಯ ಬರೆದಿರುವುದು ಆ ಕೋನಗಳಲ್ಲೇ. ಬೋಲ್ಟು ಸಡಿಲಿಸಿ ಒಂದು ಕ್ಯಾಮನ್ನು ಸ್ವಲ್ಪ ಹೊರಳಿಸಿ ಬಿಗಿದರೆ ಬೇರೆ ಪೆಟ್ಟು, ಬೇರೆ ನಡೆ. ವೇಗವೋ, ಅದು ಕರೆಂಟಿನ ಲೆಕ್ಕ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ನಾಲ್ಕು ಧ್ರುವದ ಸಾಮಾನ್ಯ ಮೋಟಾರು ಅದರಲ್ಲಿ ನಿಮಿಷಕ್ಕೆ ಹೆಚ್ಚುಕಮ್ಮಿ 1440 ಸುತ್ತು ಸುತ್ತುತ್ತದೆ, ಪುಲ್ಲಿಗಳು ಅದನ್ನು ತಗ್ಗಿಸಿ ಕೊಡುತ್ತವೆ. ಆರತಿ ಮೆಲ್ಲಗೆ ಎತ್ತಲಿ, ಜೋರಾಗಿ ಎತ್ತಲಿ, ಯಂತ್ರಕ್ಕೆ ಎಲ್ಲ ಒಂದೇ. ಗುಡಿಯ ಲಯ ಬೆಸ್ಕಾಂ ತಂತಿಯಲ್ಲಿ ಹರಿದುಬರುತ್ತಿದೆ ಎಂದರೂ ತಪ್ಪಿಲ್ಲ.

ಯುರೋಪಿನ ಬೀದಿಗಳಲ್ಲಿ ನೂರಾರು ವರ್ಷ ಓಡಾಡಿದ ಬೀದಿ ಆರ್ಗನ್ನಿನ ಗುಟ್ಟೂ ಇದೇ. ಕತ್ತಿಗೆ ಪಟ್ಟಿ ಹಾಕಿ ತೂಗಿಸಿಕೊಂಡ ಅಥವಾ ಗಾಡಿಯ ಮೇಲಿಟ್ಟು ತಳ್ಳಿಕೊಂಡು ಹೋಗುವ ಪೆಟ್ಟಿಗೆ. ಪಕ್ಕದಲ್ಲಿ ಒಂದು ಹಿಡಿ. ಹಿಡಿ ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದುತ್ತದೆ, ಕೊಳವೆಗಳು ಹಾಡುತ್ತವೆ. ತಿರುಗಿಸುವವನಿಗೆ ಸ ಪ ಸ ಗೊತ್ತಿರಬೇಕಿಲ್ಲ. ಯಾವ ಕೊಳವೆ ಯಾವಾಗ ಬಾಯಿ ತೆರೆಯಬೇಕು ಎನ್ನುವುದನ್ನು ಬೇರೊಬ್ಬರು ಮೊದಲೇ ಎಲ್ಲೋ ಬರೆದಿಟ್ಟಿರುತ್ತಾರೆ. ಆ ‘ಎಲ್ಲೋ’ ಕಾಲಕಾಲಕ್ಕೆ ಬದಲಾಗಿದೆ: ಮರದ ಉರುಳೆಗೆ ಹೊಡೆದ ಮೊಳೆ, ಮಡಿಸಿದ ರಟ್ಟು, ಕಾಗದದ ಸುರುಳಿ, ಲೋಹದ ತಟ್ಟೆ, ಈಗ ಎಲೆಕ್ಟ್ರಾನಿಕ್ ಚಿಪ್ಪು. ಇವುಗಳಲ್ಲಿ ಯಾವುದು ಮೇಲು ಎಂದು ಆ ಹವ್ಯಾಸದವರು ಇವತ್ತಿಗೂ ಜಗಳವಾಡುತ್ತಾರೆ.

ನಮ್ಮ ಬೆಂಗಳೂರಿನ ದಂಡು ಪ್ರದೇಶದ ಬೀದಿಗಳ ಪಾಲಿಗೆ ಬಂದದ್ದು ಬ್ಯಾಂಡ್‌ಸೆಟ್ಟು, ಓಲಗ, ತಮಟೆ. ಹೀಗಿರುವಾಗ ಈ ಜಗಳ ನಮಗೇಕೆ ಎಂದು ಕೇಳಬಹುದು. ಆ ಪೆಟ್ಟಿಗೆ ನಮ್ಮ ಬೀದಿಯ ವಾದ್ಯವಾಗದಿದ್ದರೂ ಅದಕ್ಕೆ ಬೇಕಾದ ಒಂದೊಂದು ವಿದ್ಯೆಯೂ ಬೆಂಗಳೂರಿನ ಒಂದೊಂದು ಕಸುಬಿನಲ್ಲಿ ಕೂತಿದೆ. ಯಾವ ವಿದ್ಯೆ ಯಾವ ಗಲ್ಲಿಯಲ್ಲಿ ಸಿಗುತ್ತದೆ ಎಂದು ನೋಡುತ್ತ ಹೋದರೆ ಜಗಳಕ್ಕೂ ಒಂದು ಉತ್ತರ ಸಿಕ್ಕೀತು.

ಮೊದಲು ಹಿಡಿ ತಿರುಗಿಸುವ ನಮ್ಮದೇ ವಾದ್ಯದ ಮಾತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಗೀತ ಶಾಲೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಕೈಗೆ ಸಿಕ್ಕ ಟಿಪ್ಪುವಿನ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಮರದ ಹುಲಿ, ಅದರ ಕೆಳಗೆ ಬಿದ್ದ ಕೆಂಪು ಕೋಟಿನ ಬಿಳಿಯ. ಹಿಡಿ ತಿರುಗಿಸಿದರೆ ಬಿಳಿಯನ ತೋಳು ಏರಿಳಿಯುತ್ತದೆ, ಅವನು ನರಳುತ್ತಾನೆ. ಹಲವು ಸಲ ನರಳಿದ ಮೇಲೆ ಹುಲಿ ಒಮ್ಮೆ ಗುರ್ ಎನ್ನುತ್ತದೆ. ‘ಹಲವು ಸಲಕ್ಕೆ ಒಮ್ಮೆ’ ಎನ್ನುವ ಲೆಕ್ಕವನ್ನು ಇಟ್ಟಿರುವುದು ಒಳಗಿನ ಹಲ್ಲುಗಾಲಿ. ಅದು ಸುತ್ತಿ ಸುತ್ತಿ ಒಂದು ತಿದಿಯನ್ನು ಮೆಲ್ಲಗೆ ಮೇಲೆತ್ತಿ ಕೈಬಿಡುತ್ತದೆ, ಭಾರಕ್ಕೆ ತಿದಿ ಕುಸಿದಾಗ ಗರ್ಜನೆ. ಹಲಸೂರಿನ ನಗಾರಿಯಂತೆ ಇಲ್ಲೂ ನೆನಪು ಇರುವುದು ಗಾಲಿಯಲ್ಲೇ.

ಹುಲಿಯ ಮಗ್ಗುಲಿನ ಮುಚ್ಚಳ ತೆರೆದರೆ ದಂತದ 18 ಗುಂಡಿಗಳ ಒಂದು ಆರ್ಗನ್ ಇದೆ. ಗುಂಡಿಗೆ ಎರಡರಂತೆ 36 ಹಿತ್ತಾಳೆ ಕೊಳವೆಗಳು. ಗಾಳಿ ಅದೇ ಹಿಡಿಯಿಂದ ಬರುತ್ತದೆ, ಆದರೆ ಗುಂಡಿಯನ್ನು ಬೆರಳಲ್ಲೇ ಒತ್ತಬೇಕು. ಅಂದರೆ ಹುಲಿಯ ಹೊಟ್ಟೆಯಲ್ಲಿ ವಾದ್ಯ ಇದೆ, ಹಾಡಿಲ್ಲ. ಒಂದು ಮೊಳೆಯುರುಳೆ ಕೂರಿಸಿದ್ದರೆ ಅದು ಪೂರ್ತಿ ಬೀದಿ ಆರ್ಗನ್ನೇ ಆಗುತ್ತಿತ್ತು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಅದನ್ನು ಜನರಿಗೆ ತೋರಿಸಿದರು. ಬಂದವರು ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತ ಕೂತವರ ತಲೆ ಕೆಡಿಸಿದರಂತೆ. ಮುಂದೆ ಹಿಡಿಯೇ ಕಾಣೆಯಾಯಿತು. ಓದುವವರ ಪೈಕಿ ಯಾರೋ ಕಿತ್ತುಕೊಂಡು ಹೋಗಿರಬಹುದು ಎನ್ನುವುದು ನನ್ನ ಗುಮಾನಿ.

ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಕಂಪನಿಯ ದಂಡು 1809ರ ಸುಮಾರಿಗೆ ಬೆಂಗಳೂರಿಗೆ ಬಂತು. ಹಲಸೂರಿನ ಆಸುಪಾಸಿನಲ್ಲಿ ಕಂಟೋನ್ಮೆಂಟ್ ಎದ್ದಿತು. ಸೈನ್ಯ ಬಂದ ಕಡೆ ಬ್ಯಾಂಡು, ಇಗರ್ಜಿ ಬಂದ ಕಡೆ ಆರ್ಗನ್. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚು 1866ರಲ್ಲಿ ತೆರೆಯಿತು. ಅಲ್ಲಿನ ಕೊಳವೆ ಆರ್ಗನ್ನನ್ನು 1881ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪೀಟರ್ ಕೊನಾಕರ್ ಕಂಪನಿ ಕಟ್ಟಿತು. ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದ್ದೂ, ದಂಡು ಪ್ರದೇಶ ಮಾತ್ರ ಬ್ರಿಟಿಷರ ಆಡಳಿತದಲ್ಲೇ ಉಳಿದದ್ದೂ ಅದೇ ವರ್ಷ. ಇಂಥ ಆರ್ಗನ್ನಿಗೆ ನುಡಿಸುವವರು ಬೇಕು, ಸ್ವರಪುಸ್ತಕ ಬೇಕು. ಇಂಗ್ಲೆಂಡಿನ ಹಳ್ಳಿಗಳ ಬಡ ಇಗರ್ಜಿಗಳಿಗೆ ಅಷ್ಟು ಕೈಲಾಗುತ್ತಿರಲಿಲ್ಲ. ಅಲ್ಲಿ ಉರುಳೆ ಆರ್ಗನ್ ತಂದಿಟ್ಟುಕೊಂಡು, ಗುಮಾಸ್ತನೇ ಹಿಡಿ ತಿರುಗಿಸಿ ಭಜನೆ ಹಾಡಿಸುತ್ತಿದ್ದ. ನುಡಿಸುವವರು ಸಿಗದ ಕಡೆ ಯಂತ್ರ ಬಂದು ಕೂರುವುದು ಗುಡಿಯಲ್ಲೂ ಒಂದೇ, ಇಗರ್ಜಿಯಲ್ಲೂ ಒಂದೇ.

ಆ ಉರುಳೆಯೇ ಮೊದಲನೆಯ ಮಾಧ್ಯಮ, ಎಲ್ಲಕ್ಕಿಂತ ಹಳೆಯದು. ಒಂಬತ್ತನೇ ಶತಮಾನದಲ್ಲೇ ಬಾಗ್ದಾದಿನ ಬನೂ ಮೂಸಾ ಸೋದರರು ಮೊಳೆ ಹೊಡೆದ ಉರುಳೆಯಿಂದ ತಾನೇ ಊದುವ ಕೊಳಲನ್ನು ವಿವರಿಸಿದ್ದಾರೆ. ಉರುಳೆಯ ಮೈಮೇಲೆ ಸಾಲು ಸಾಲು ಹಿತ್ತಾಳೆ ಮೊಳೆ. ಮೊಳೆ ಬಂದು ಸನ್ನೆಯೊಂದನ್ನು ಎತ್ತಿದರೆ ಕೊಳವೆಗೆ ಗಾಳಿ. ಗಿಡ್ಡ ಸ್ವರಕ್ಕೆ ಒಂಟಿ ಮೊಳೆ, ಎಳೆದು ಹಾಡುವ ಸ್ವರಕ್ಕೆ ಎರಡು ಕಾಲಿನ ಕಂಬಿ. ಒಂದು ಹಾಡು ಮುಗಿದ ಮೇಲೆ ಉರುಳೆಯನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ಇನ್ನೊಂದು ಸಾಲಿನ ಮೊಳೆಗಳು ಸನ್ನೆಗಳ ಕೆಳಗೆ ಬರುತ್ತವೆ. ಹೀಗೆ ಒಂದು ಉರುಳೆಗೆ ಆರರಿಂದ ಹತ್ತು ಹಾಡು.

ಇದರ ಕಷ್ಟ ಉರುಳೆಯ ಸುತ್ತಳತೆಯಲ್ಲಿದೆ. ಒಂದು ಸುತ್ತು ಮುಗಿದರೆ ಹಾಡೂ ಮುಗಿಯಿತು, ಬಹುಮಟ್ಟಿಗೆ ಒಂದು ನಿಮಿಷದೊಳಗೆ. ಪಲ್ಲವಿ ಬಂತು ಎನ್ನುವಷ್ಟರಲ್ಲಿ ಮತ್ತೆ ಪಲ್ಲವಿ. ಸುರುಳಿಯಾಗಿ ಮೊಳೆ ಹೊಡೆದು ಹಲವು ಸುತ್ತಿಗೆ ಹಾಡನ್ನು ಹಿಗ್ಗಿಸಿದವರೂ ಇದ್ದಾರೆ, ಆಗ ಉರುಳೆಗೆ ಒಂದೇ ಹಾಡು. ಹೊಸ ಹಾಡು ಬೇಕೆಂದರೆ ಸಾವಿರಾರು ಮೊಳೆ ಕಿತ್ತು ಮತ್ತೆ ಹೊಡೆಯಬೇಕು. ಮೊಳೆ ಎಲ್ಲಿ ಕೂರಬೇಕೆಂದು ಗುರುತು ಹಾಕುವುದು ಎಷ್ಟು ನಾಜೂಕಿನ ವಿದ್ಯೆಯೆಂದರೆ, ಫ್ರಾನ್ಸಿನ ಪಾದ್ರಿ ಎಂಗ್ರಾಮೆಲ್ 1775ರಲ್ಲಿ ಅದಕ್ಕೆಂದೇ ಒಂದು ಪುಸ್ತಕ ಬರೆದ. ಮೆಕ್ಸಿಕೋ ನಗರದಲ್ಲಿ ಇಂದಿಗೂ ಖಾಕಿ ಉಡುಪಿನವರು ನೂರು ವರ್ಷ ದಾಟಿದ ಜರ್ಮನ್ ಪೆಟ್ಟಿಗೆಗಳನ್ನು ಹೊತ್ತು ತಿರುಗುತ್ತಾರೆ. ಶ್ರುತಿ ತಪ್ಪಿದ ಆ ಪೆಟ್ಟಿಗೆಗಳನ್ನು ಕಂಡು ಊರಿನವರಲ್ಲಿ ಅರ್ಧ ಜನ ಮರುಗುತ್ತಾರೆ, ಇನ್ನರ್ಧ ಜನ ಕಿವಿ ಮುಚ್ಚಿಕೊಳ್ಳುತ್ತಾರೆ.

ಕಿವಿ ಮುಚ್ಚಿಕೊಂಡವರಲ್ಲಿ ಅಗ್ರಗಣ್ಯ ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್. ತನ್ನ ದುಡಿಮೆಯ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲು ಬೀದಿ ವಾದ್ಯದವರಿಂದ ಹಾಳಾಯಿತೆಂದು ಆತ ಲೆಕ್ಕ ಬರೆದ. 1864ರಲ್ಲಿ ಬೀದಿ ಸಂಗೀತವನ್ನು ಹತ್ತಿಕ್ಕುವ ಕಾನೂನು ಬಂದಾಗ ಅದಕ್ಕೆ ಹಟ ಹಿಡಿದವರಲ್ಲಿ ಅವನೂ ಒಬ್ಬ. ಅದೇ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆಜ್ಞೆ ಕೊಡಲು ಆರಿಸಿಕೊಂಡಿದ್ದು ತೂತು ಹೊಡೆದ ರಟ್ಟನ್ನು. ಅವನು ಸತ್ತ ಇಪ್ಪತ್ತೊಂದು ವರ್ಷಕ್ಕೆ ಆ ತೂತಿನ ರಟ್ಟು ಬೀದಿ ಆರ್ಗನ್ನಿನೊಳಗೇ ಬಂದು ಕೂತಿತು. ಬದುಕಿದ್ದರೆ ಏನೆನ್ನುತ್ತಿದ್ದನೋ.

ಬೆಂಗಳೂರಿನಲ್ಲಿ ಉರುಳೆ ಮಾಡಿಸಬೇಕೆಂದರೆ ಎಲ್ಲಿಗೆ ಹೋಗಬೇಕು? ದೂರವೇನಲ್ಲ, ಮೈಸೂರು ರಸ್ತೆ ಹಿಡಿದರೆ ಚನ್ನಪಟ್ಟಣ. ಆಲೆಮರವನ್ನು ಲೇತಿಗೆ ಕೊಟ್ಟು ಗುಂಡಗೆ ತೆಗೆಯುವುದರಲ್ಲಿ ಅಲ್ಲಿನವರ ಕೈ ಪಳಗಿದೆ. ಉರುಳೆಯ ಮರ ಅಲ್ಲಿ ಸಿಗುತ್ತದೆ. ಮೊಳೆಗೆ ಗುರುತು ಹಾಕುವವರು ಮಾತ್ರ ಸಿಗುವುದಿಲ್ಲ.

ಇನ್ನು ರಟ್ಟು. ಇದು ಆರ್ಗನ್ನಿನವರ ಸ್ವಂತ ಆವಿಷ್ಕಾರವಲ್ಲ, ನೇಕಾರರಿಂದ ತಂದದ್ದು. ಫ್ರಾನ್ಸಿನ ಲಿಯಾನ್ ರೇಷ್ಮೆಯ ಊರು. ಅಲ್ಲಿ ಬುಶೋನ್ ಎಂಬಾತ 1725ರಲ್ಲಿ ತೂತು ಹೊಡೆದ ಕಾಗದದ ಸುರುಳಿಯಿಂದ ಮಗ್ಗದ ಎಳೆಗಳನ್ನು ಎತ್ತಿಸಿ ನೋಡಿದ. ಆತ ಆರ್ಗನ್ ಮಾಡುವವರ ಮಗನೆಂದು ಹೇಳುತ್ತಾರೆ. ಮೊಳೆಯುರುಳೆಯಿಂದ ಕೊಳಲು ನುಡಿಸುವ ಬೊಂಬೆಯನ್ನು 1738ರಲ್ಲಿ ಪ್ಯಾರಿಸಿಗೆ ತೋರಿಸಿ ಬೆರಗುಗೊಳಿಸಿದ ವೋಕಾನ್ಸನ್, ಆಮೇಲೆ ಮಗ್ಗಕ್ಕೇ ಕೈ ಹಾಕಿದ. ಇವರೆಲ್ಲರ ಕೆಲಸವನ್ನು ಒಟ್ಟುಗೂಡಿಸಿ 1804ರಲ್ಲಿ ದಡ ಮುಟ್ಟಿಸಿದವನು ಜಕಾರ್ಡ್. ಅಲ್ಲಿಂದ ವಿದ್ಯೆ ಸಂಗೀತಕ್ಕೆ ಮರಳಿದ್ದು 1892ರಲ್ಲಿ, ಪ್ಯಾರಿಸಿನ ಗಾವಿಯೋಲಿ ಕಂಪನಿ ರಟ್ಟಿನ ಪುಸ್ತಕಕ್ಕೆ ಪೇಟೆಂಟ್ ಪಡೆದಾಗ.

ಜಕಾರ್ಡನ್ನು ಬೆಂಗಳೂರಿನವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. ದಂಡು ದಾಟಿ ಪೇಟೆಗೆ ಬನ್ನಿ. ಕಬ್ಬನ್‌ಪೇಟೆಯ ಓಣಿಗಳಲ್ಲಿ ರೇಷ್ಮೆ ಸೀರೆಯ ಮಗ್ಗದ ನೆತ್ತಿಯ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ತೂಗಾಡುವುದನ್ನು ನೋಡಿದವರು ಬೇಕಾದಷ್ಟು ಜನ. ಒಂದು ಕಾರ್ಡಿಗೆ ಹೊಕ್ಕಿನ ಒಂದು ಎಳೆ. ತೂತು ಇದ್ದ ಕಡೆ ಹುಕ್ಕು ಹಾಸಿನ ಎಳೆಯನ್ನು ಎತ್ತುತ್ತದೆ, ಇಲ್ಲದ ಕಡೆ ಬಿಡುತ್ತದೆ. ಸೆರಗಿನ ನವಿಲು ಮೊದಲು ಗ್ರಾಫ್ ಹಾಳೆಯ ಚೌಕಗಳಲ್ಲಿ ಮೂಡುತ್ತದೆ, ಆಮೇಲೆ ಪಂಚಿಂಗ್ ಮಾಡುವವರ ಕೈಯಲ್ಲಿ ತೂತಾಗುತ್ತದೆ, ಕೊನೆಗೆ ಸಾಲಾಗಿ ಹೊಲಿದು ಮಗ್ಗಕ್ಕೆ ಏರುತ್ತದೆ. ಹುಕ್ಕಿನ ಬದಲು ಕೊಳವೆ, ಹೊಕ್ಕಿನ ಎಳೆಯ ಬದಲು ಕಾಲದ ಒಂದು ತುಣುಕು ಎಂದುಕೊಳ್ಳಿ, ಅದೇ ಮಾಲೆ ಹಾಡುತ್ತದೆ.

ಆರ್ಗನ್ನಿನ ರಟ್ಟನ್ನು ಮಾತ್ರ ಬಿಡಿ ಕಾರ್ಡಾಗಿ ಹೊಲಿಯುವುದಿಲ್ಲ. ಉದ್ದಕ್ಕೆ ಅಂಟಿಸಿ ಹಿಂದೆ ಮುಂದೆ ಮಡಿಸಿ ದಪ್ಪ ಕಡತದಂತೆ ಜೋಡಿಸುತ್ತಾರೆ. ಹಿಡಿ ತಿರುಗಿಸಿದಂತೆ ಒಂದು ಕಡೆಯಿಂದ ಮಡಿಕೆ ಬಿಚ್ಚಿಕೊಂಡು ಒಳಗೆ ಹೋಗಿ ಇನ್ನೊಂದು ಕಡೆ ತಾನಾಗಿ ಮಡಿಸಿಕೊಂಡು ಬೀಳುತ್ತದೆ. ನೋಡಲಿಕ್ಕೇ ಒಂದು ಚಂದ. ಒಳಗೆ ಸಾಲಾಗಿ ನಿಂತ ಲೋಹದ ಬೆರಳುಗಳು ರಟ್ಟಿನ ಮೈಯನ್ನು ಸವರುತ್ತಿರುತ್ತವೆ, ತೂತು ಸಿಕ್ಕ ಕಡೆ ಮೇಲೇಳುತ್ತವೆ, ಆ ಕೊಳವೆ ಹಾಡುತ್ತದೆ. ಬೆರಳಿಲ್ಲದೆ ಬರೀ ಗಾಳಿಯಿಂದ ತೂತನ್ನು ಓದುವ ಬಗೆಯೂ ಇದೆ, ಅದರಲ್ಲಿ ರಟ್ಟು ಕಡಿಮೆ ಸವೆಯುತ್ತದೆ. ತೂತಿನ ಅಂಚು ಸಿಬಿರೇಳದಿರಲಿ, ತೇವ ಹಿಡಿಯದಿರಲಿ ಎಂದು ರಟ್ಟಿಗೆ ಬಳಿಯುವ ಮೆರುಗು ಅರಗಿನದು. ಆ ಅರಗು ಬಹುಕಾಲ ಜಗತ್ತಿಗೆಲ್ಲ ಹೋಗುತ್ತಿದ್ದುದು ಹಿಂದೂಸ್ತಾನದಿಂದ. ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಇದ್ದದ್ದೂ, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅದೇ ಅರಗು.

ರಟ್ಟು ಬಂದದ್ದರಿಂದ ಆದ ದೊಡ್ಡ ಬದಲಾವಣೆ ಹಾಡಿನ ಉದ್ದದ್ದು. ರಟ್ಟು ಎಷ್ಟು ಉದ್ದವೋ ಹಾಡು ಅಷ್ಟು ಉದ್ದ. ಎರಡನೆಯದು, ಒಂದು ಹಾಡು ಬೇಕಾದರೆ ಒಂದೇ ಹಾಡನ್ನು ಕೊಳ್ಳಬಹುದು. ಉರುಳೆಯಲ್ಲಿ ಒಂದು ಹಾಡು ಹಳತಾದರೂ ಉಳಿದ ಒಂಬತ್ತರ ಜೊತೆ ಅದನ್ನೂ ಹೊರಬೇಕಿತ್ತು. ಆಮ್‌ಸ್ಟರ್‌ಡಾಮಿನಲ್ಲಿ ಲಿಯೋನ್ ವಾರ್ನೀಸ್ 1875ರಲ್ಲೇ ಆರ್ಗನ್ನುಗಳನ್ನು ಬಾಡಿಗೆಗೆ ಬಿಡುವ ಅಂಗಡಿ ತೆರೆದಿದ್ದ. ರಟ್ಟು ಬಂದ ಮೇಲೆ ಇಂಥ ವ್ಯಾಪಾರ ಕುದುರಿತು. ಊರಿನಲ್ಲಿ ಹೊಸದಾಗಿ ಬಾಯಿಗೆ ಹತ್ತಿದ ಹಾಡು ಕೆಲವೇ ದಿನದಲ್ಲಿ ಬೀದಿ ಆರ್ಗನ್ನಿನಲ್ಲೂ ಕೇಳತೊಡಗಿತು. ನೆದರ್ಲೆಂಡ್ಸಿನಲ್ಲಿ ಬೀದಿ ಆರ್ಗನ್ ಇವತ್ತಿಗೂ ಉಸಿರಾಡುತ್ತಿರುವುದಕ್ಕೆ ರಟ್ಟೂ ಒಂದು ಕಾರಣ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಮೂರನೆಯದನ್ನು ಯಾರೂ ಹೆಚ್ಚು ಹೇಳುವುದಿಲ್ಲ: ರಟ್ಟನ್ನು ಕಣ್ಣಲ್ಲಿ ಓದಬಹುದು. ಕಿಟಕಿಯ ಬೆಳಕಿಗೆ ಹಿಡಿದರೆ ಎಲ್ಲಿ ಸ್ವರ ಏರಿತು, ಎಲ್ಲಿ ನಿಂತಿತು, ಎಲ್ಲಿ ತಪ್ಪಾಗಿ ತೂತು ಬಿತ್ತು ಎಲ್ಲ ಕಾಣುತ್ತದೆ. ತಪ್ಪಿದ ತೂತಿಗೆ ಒಂದು ಚೂರು ರಟ್ಟು ಅಂಟಿಸಿ, ಪಕ್ಕದಲ್ಲಿ ಚಾಕುವಿನಿಂದ ಹೊಸ ತೂತು ಕೊರೆದರಾಯಿತು. ಕಬ್ಬನ್‌ಪೇಟೆಯಲ್ಲಿ ಹರಿದ ಕಾರ್ಡಿಗೆ ಮಾಡುವ ಉಪಚಾರವೂ ಇದೇ.

ಕಾಗದದ ಸುರುಳಿಯ ಬಗ್ಗೆ ಇಷ್ಟು ಅಕ್ಕರೆ ನನಗಿಲ್ಲ. ಫ್ರೈಬುರ್ಗಿನ ವೆಲ್ಟೆ ಕಂಪನಿ 1880ರ ದಶಕದಲ್ಲಿ ಅದನ್ನು ದೊಡ್ಡ ಯಾಂತ್ರಿಕ ವಾದ್ಯಗಳಿಗೆ ತಂದಿತು, ತಾನೇ ನುಡಿಯುವ ಪಿಯಾನೋಗಳು ಅದರಿಂದಲೇ ಜಗತ್ತನ್ನು ಸುತ್ತಿದವು. 1908ರಲ್ಲಿ ಅಮೆರಿಕದ ಬಫಲೋದಲ್ಲಿ ತಯಾರಕರು ಸಭೆ ಸೇರಿ ಸುರುಳಿಯ ಅಗಲ ಹನ್ನೊಂದೂಕಾಲು ಅಂಗುಲ ಎಂದು ಒಪ್ಪಿಕೊಂಡರು. ಒಬ್ಬರ ಸುರುಳಿ ಇನ್ನೊಬ್ಬರ ಪಿಯಾನೋದಲ್ಲಿ ಓಡುವಂತಾಯಿತು. ಹಗುರ, ಅಗ್ಗ, ಜಾಗ ಕಡಿಮೆ, ಒಂದು ಸುರುಳಿಯಲ್ಲಿ ಹಲವು ಹಾಡು. ಆದರೆ ಬೀದಿಗೆ ಅದು ಸಲ್ಲುವುದಿಲ್ಲ. ಹಾಡು ಮುಗಿದ ಮೇಲೆ ಹಿಂದಕ್ಕೆ ಸುತ್ತಬೇಕು, ಅಷ್ಟರಲ್ಲಿ ನಿಂತ ಜನ ಚದುರುತ್ತಾರೆ. ತೇವ ತಗುಲಿದರೆ ಕಾಗದ ಅಗಲವಾಗುತ್ತದೆ, ಸ್ವಲ್ಪವೇ ಆದರೂ ಸಾಕು, ಒಂದು ಸ್ವರದ ತೂತು ಪಕ್ಕದ ಸ್ವರದ ಬಾಯಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಆಗಸ್ಟ್ ತಿಂಗಳ ಜಿಟಿಜಿಟಿಯಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಮೂಲೆಯಲ್ಲಿ ಅದನ್ನು ನುಡಿಸುವ ಧೈರ್ಯ ಯಾರಿಗಿದೆ? ಮನೆಗೆ ತಂದಿಟ್ಟರೆ ಪುಸ್ತಕದ ಹುಳು ಬೇರೆ.

ಲೋಹದ ತಟ್ಟೆಗಳದು ಇನ್ನೂ ಚಿಕ್ಕ ಕತೆ. 1880ರ ದಶಕದಲ್ಲಿ ಲೈಪ್‌ಜಿಗ್ಗಿನವರು ಹಲ್ಲು ಎಬ್ಬಿಸಿದ ತಟ್ಟೆಗಳನ್ನು ಮಾಡಿ ಸಂಗೀತ ಪೆಟ್ಟಿಗೆಗೆ ಹಾಕಿದರು. ಅಚ್ಚಿನಲ್ಲಿ ಒತ್ತಿ ಸಾವಿರಗಟ್ಟಲೆ ತೆಗೆಯಬಹುದಿತ್ತು. ಆದರೆ ಅಲ್ಲೂ ಒಂದು ಸುತ್ತಿಗೆ ಹಾಡು ಮುಗಿಯುತ್ತದೆ, ಉರುಳೆಯದೇ ಹಣೆಬರಹ. ಗ್ರಾಮಫೋನ್ ಬಂದು ಅದನ್ನು ಒರೆಸಿಹಾಕಿತು.

ಕೊನೆಗೆ ಚಿಪ್ಪು. 1983ರಲ್ಲಿ ಹೊರಬಂದ ಮಿಡಿ ಎನ್ನುವ ಒಪ್ಪಂದದ ಪ್ರಕಾರ ಹಾಡೆಂದರೆ ಸಂಖ್ಯೆಗಳ ಒಂದು ಪಟ್ಟಿ: ಇಂಥ ಸ್ವರ ಶುರು, ಇಷ್ಟು ಹೊತ್ತು, ಇಂಥ ಸ್ವರ ನಿಲ್ಲಲಿ. ಮೂರು ನಿಮಿಷದ ಹಾಡಿಗೆ ಕೆಲವು ಹತ್ತು ಕಿಲೋಬೈಟ್ ಸಾಕು. ಉಗುರಿನಷ್ಟು ಕಾರ್ಡಿನಲ್ಲಿ ಆಯಸ್ಸಿಗೆ ಮುಗಿಯದಷ್ಟು ಹಾಡು. ಆರ್ಗನ್ನಿನೊಳಗೆ ಪ್ರತಿ ಕೊಳವೆಗೂ ಒಂದು ಪುಟ್ಟ ವಿದ್ಯುತ್ ಅಯಸ್ಕಾಂತ ಇರುತ್ತದೆ. ಕರೆಂಟು ಬಂದಾಗ ಎಳೆದುಕೊಂಡು ಗಾಳಿಯ ಬಾಯಿ ತೆರೆಯುತ್ತದೆ, ಹೋದಾಗ ಮುಚ್ಚುತ್ತದೆ.

ಈ ಎಳೆಯುವ, ಬಿಡುವ ಕೆಲಸದಲ್ಲಿ ಬೆಂಗಳೂರಿನ ಪೂರ್ವ ಭಾಗಕ್ಕಿಂತ ಪಳಗಿದ ಕೈ ಎಲ್ಲಿತ್ತು? ಕೆ.ಆರ್. ಪುರದ ಬಳಿ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಟೆಲಿಫೋನ್ ಕಾರ್ಖಾನೆ ದಶಕಗಳ ಕಾಲ ಮಾಡಿದ್ದು ಅದನ್ನೇ. ಸ್ಟ್ರೌಜರ್ ಎಕ್ಸ್‌ಚೇಂಜು, ಆಮೇಲೆ ಕ್ರಾಸ್‌ಬಾರ್ ಎಕ್ಸ್‌ಚೇಂಜು, ಎರಡರ ಜೀವವೂ ಟಕಟಕ ಎನ್ನುವ ಅಯಸ್ಕಾಂತಗಳಲ್ಲಿ. 1964ರಲ್ಲಿ ಕ್ರಾಸ್‌ಬಾರ್ ವಿದ್ಯೆ ತರಲು ಐಟಿಐ ಒಪ್ಪಂದ ಮಾಡಿಕೊಂಡದ್ದು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಊರಿನ ಕಂಪನಿಯ ಜೊತೆ. ಕುಣಿತದ ಸಭಾಂಗಣಗಳಿಗೆ ಗೋಡೆಯಷ್ಟು ದೊಡ್ಡ ಆರ್ಗನ್ ಕಟ್ಟುತ್ತಿದ್ದ ಮಾರ್ಟಿಯೇ ಮನೆತನದ ಊರೂ ಅದೇ ಆಂಟ್‌ವರ್ಪ್. ಎರಡಕ್ಕೂ ಸಂಬಂಧ ಹಚ್ಚಲು ಹೋಗಬೇಡಿ, ಬರೆಯುವಾಗ ನೆನಪಾಯಿತು ಅಷ್ಟೆ.

ಅಲ್ಲಿಂದ ಇಂದಿರಾನಗರದ ಕಡೆ ಬಂದರೆ ಎಚ್‌ಎಎಲ್. ವಿಮಾನದ ಆ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ, ಸ್ವತಃ ಕೊಳಲು ನುಡಿಸುವ ಜಿ. ರಾಜನಾರಾಯಣ್ 1979ರಲ್ಲಿ ರೇಡೆಲ್ ಸಂಸ್ಥೆ ಕಟ್ಟಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮನೆಮನೆಗೆ ತಲುಪಿಸಿದರು. ಆಮೇಲೆ ಬಂದ ‘ತಾಳಮಾಲಾ’ದಲ್ಲಿ ತಬಲದ ಠೇಕಾಗಳೇ ಚಿಪ್ಪಿಗಿಳಿದವು. ತಂಬೂರಿ ಮೀಟಲು ಶಿಷ್ಯರಿಲ್ಲದ ಕಡೆ ಪೆಟ್ಟಿಗೆ ಬಂತು. ಮೊದಮೊದಲು ಮೂಗು ಮುರಿದ ವಿದ್ವಾಂಸರ ಪಕ್ಕದಲ್ಲೇ ಈಗ ಅದು ವೇದಿಕೆ ಏರಿ ಕೂತಿದೆ.

ಚಿಪ್ಪಿನ ಮೇಲೆ ನನಗೆ ದ್ವೇಷವಿಲ್ಲ, ಒಂದು ತಕರಾರಿದೆ. ಉರುಳೆ, ರಟ್ಟು, ಸುರುಳಿ ಮೂರರಲ್ಲೂ ಗಾಳಿ ಊದುವ ಕೈಯೇ ಹಾಡನ್ನೂ ಮುಂದಕ್ಕೆ ನಡೆಸುತ್ತದೆ. ಕೈ ನಿಧಾನಿಸಿದರೆ ಹಾಡು ನಿಧಾನ, ಕೈ ನಿಂತರೆ ಹಾಡು ನಿಂತಿತು. ಮಗುವೊಂದು ಎದುರಿಗೆ ಬಂದು ಕುಣಿದರೆ ತಿರುಗಿಸುವವನು ಅದರ ಹೆಜ್ಜೆಗೆ ತಕ್ಕಂತೆ ತಿರುಗಿಸಬಲ್ಲ. ಸ್ವರ ಅವನದಲ್ಲದಿದ್ದರೂ ಲಯ ಅವನದು. ಚಿಪ್ಪಿನ ಎಷ್ಟೋ ಪೆಟ್ಟಿಗೆಗಳಲ್ಲಿ ಹಿಡಿ ಬರೀ ತಿದಿ ಒತ್ತುತ್ತದೆ, ಲಯ ಒಳಗಿನ ಗಡಿಯಾರದ್ದು. ಹಿಡಿಯ ಸುತ್ತನ್ನು ಅಳೆದು ಚಿಪ್ಪಿಗೆ ತಿಳಿಸುವ ಏರ್ಪಾಡು ಮಾಡಬಹುದು, ಒಳ್ಳೆಯ ಕಸುಬುದಾರರು ಮಾಡುತ್ತಾರೆ ಕೂಡ. ಮಾಡದಿದ್ದರೆ ಆ ಮನುಷ್ಯ ಗುಡಿಯ ಮೋಟಾರಿಗೆ ಸಮ. ಬೋರ್ಡು ಕೆಟ್ಟರೆ ಎಸ್.ಪಿ. ರಸ್ತೆಗೆ ಓಡಬೇಕು. ಅಲ್ಲಿ ಸಿಗದ ಬಿಡಿಭಾಗವಿಲ್ಲ ನಿಜ, ಆದರೆ ಐದು ವರ್ಷದ ಹಿಂದಿನ ಬೋರ್ಡು ಕೇಳಿದರೆ ಅಂಗಡಿಯವರು ಹೊಸದನ್ನೇ ತೋರಿಸುತ್ತಾರೆ.

ಯಾವ ಮಾಧ್ಯಮವಾದರೂ ನಮ್ಮ ಸಂಗೀತಕ್ಕೆ ಒಂದು ತೊಡಕು ಇದ್ದೇ ಇದೆ. ಕೊಳವೆಗೆ ಗೊತ್ತಿರುವುದು ಎರಡೇ ಸ್ಥಿತಿ, ಊದು ಅಥವಾ ಸುಮ್ಮನಿರು. ಜಾರು, ಕಂಪಿತ ಅದಕ್ಕೆ ಬಾರದು. 20 ಸ್ವರದ ಸಣ್ಣ ಪೆಟ್ಟಿಗೆಯಲ್ಲಿ ತೋಡಿ ನುಡಿಸಲು ಹೊರಟರೆ ತೋಡಿಯ ಅಸ್ಥಿಪಂಜರ ಸಿಗುತ್ತದೆ. ಆದರೆ ಇಂಥ ಪೆಟ್ಟಿಗೆಗೆ ಹೇಳಿ ಮಾಡಿಸಿದಂಥ ರಚನೆಗಳು ನಮ್ಮಲ್ಲೂ ಇವೆ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಕಂಪನಿಯ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಕೂರಿಸಿದ ನೊಟ್ಟುಸ್ವರಗಳು. ಇಂಗ್ಲೆಂಡಿನ ರಾಜಗೀತೆಯ ಮಟ್ಟಿನಲ್ಲೇ ಇದೆ ‘ಸಂತತಂ ಪಾಹಿಮಾಂ’. ಗಮಕದ ಭಾರವಿಲ್ಲದೆ ಶಂಕರಾಭರಣದ ಸ್ವರಗಳಲ್ಲಿ ನೇರವಾಗಿ ನಡೆಯುವ ಪುಟ್ಟ ರಚನೆಗಳವು. ದಂಡಿನ ಬ್ಯಾಂಡಿನಿಂದ ಹುಟ್ಟಿದವನ್ನು ದಂಡಿನ ಬೀದಿಯಲ್ಲಿ ಪೆಟ್ಟಿಗೆಯಿಂದ ಕೇಳಿಸಿದರೆ ಯಾವ ಅಪಚಾರವೂ ಆಗದು. ಹಳೆಯ ಸಿನಿಮಾ ಹಾಡುಗಳಲ್ಲೂ ಬ್ಯಾಂಡ್‌ಸೆಟ್ಟಿನವರು ಆರಿಸಿಕೊಳ್ಳುವಂಥವು ಈ ಪೆಟ್ಟಿಗೆಗೆ ಚೆನ್ನಾಗಿ ಹೊಂದುತ್ತವೆ.

ಹಾಗಾದರೆ ಚರ್ಚ್ ಸ್ಟ್ರೀಟಿನಲ್ಲಿ ಯಾರಾದರೂ ಹಿಡಿ ತಿರುಗಿಸುವುದಾದರೆ ಒಳಗೆ ಏನಿರಬೇಕು? ನನ್ನ ಮತ ರಟ್ಟಿಗೆ. ಹಾಡನ್ನು ಹೊಂದಿಸಿ ತಿದ್ದಲು ಮಿಡಿ ಇರಲಿ, ವಿದೇಶದಲ್ಲಿ ರಟ್ಟು ಕೊರೆಯುವವರೂ ಈಗ ಮೊದಲು ಕಂಪ್ಯೂಟರಿನಲ್ಲಿ ಹಾಡು ಕಟ್ಟಿ ಆಮೇಲೆ ತೂತು ಹೊಡೆಯುವ ಯಂತ್ರಕ್ಕೆ ಕೊಡುತ್ತಾರೆ. ಬೀದಿಗೆ ಇಳಿಯುವುದು ಮಾತ್ರ ರಟ್ಟಾಗಿರಲಿ. ಮಳೆ ಹನಿಗೆ ತಡೆಯುತ್ತದೆ, ಹರಿದರೆ ಅಂಟಿಸಬಹುದು, ಲಯ ಕೈಯಲ್ಲೇ ಇರುತ್ತದೆ, ಸುತ್ತ ನಿಂತ ಮಕ್ಕಳಿಗೆ ಹಾಡು ಎಲ್ಲಿಂದ ಬರುತ್ತಿದೆ ಎಂದು ಬೆರಳಿಟ್ಟು ತೋರಿಸಬಹುದು. ಬೇಕಾದ ಸಾಮಾನೆಲ್ಲ ಊರಿನಲ್ಲೇ ಇದೆ. ಸುಲ್ತಾನ್‌ಪೇಟೆಯಲ್ಲಿ ರಟ್ಟು, ಶಿವಾಜಿನಗರದ ಗುಜರಿಯಲ್ಲಿ ಶಾಫ್ಟು ಬೇರಿಂಗು, ಕಬ್ಬನ್‌ಪೇಟೆಯಲ್ಲಿ ಪಂಚಿಂಗ್.

ಆ ಕೊನೆಯದರ ಬಗ್ಗೆಯೇ ಒಂದು ಬಿನ್ನಹ. ಮಗ್ಗಗಳಿಗೆ ಎಲೆಕ್ಟ್ರಾನಿಕ್ ಜಕಾರ್ಡ್ ಬರುತ್ತಿದೆ. ಡಿಸೈನು ಪೆನ್‌ಡ್ರೈವಿನಲ್ಲಿ ಬಂದ ಮೇಲೆ ಕಾರ್ಡಿನ ಮಾಲೆಗೂ ಪಂಚಿಂಗ್ ಯಂತ್ರಕ್ಕೂ ಕೆಲಸವಿಲ್ಲ, ಕಬ್ಬಿಣದ ತೂಕಕ್ಕೆ ಹೋಗುತ್ತವೆ. ನೇಕಾರರಿಗೆ ಅನುಕೂಲವಾದದ್ದನ್ನು ಬೇಡ ಎನ್ನಲು ನಾನ್ಯಾರು? ಆದರೆ ಮನೆಯಲ್ಲಿ ಅಂಥ ಯಂತ್ರ ಮೂಲೆ ಸೇರಿದ್ದರೆ, ಅದರ ಮುಂದೆ ಕೂತು ಗ್ರಾಫ್ ನೋಡಿ ತೂತು ಹೊಡೆಯಬಲ್ಲ ಹಿರಿಯರು ಇನ್ನೂ ಇದ್ದರೆ, ಗುಜರಿಯವರನ್ನು ಕರೆಯುವ ಮೊದಲು ಊರಿನ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿಗೋ ಸಂಗೀತ ಶಾಲೆಗೋ ಒಂದು ಮಾತು ತಿಳಿಸಿ. ಕಾಲೇಜಿನವರು ಕೂಡ ಕರೆ ಬರಲಿ ಎಂದು ಕಾಯದೆ ತಾವೇ ಒಮ್ಮೆ ಕಬ್ಬನ್‌ಪೇಟೆಯ ಓಣಿಗಳನ್ನು ಸುತ್ತಿ ಬರಲಿ.